ಸೆಲ್ಮೆಂತ್ಸ್ ಗ್ರಾಮದ ಬಗ್ಗೆ ಗುಂಪಿನ ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ, ಈ ವಾರ ನಾವು ಚರ್ಚಿಸಲಿರುವ ಸೆಲ್ಮೆಂತ್ಸ್ ಹಂಗೇರಿಯನ್ ಭಾಷಿಕರ ಊರಾದರೂ ಇಂದು ಹಂಗೇರಿಯಲ್ಲಿಲ್ಲ, ಸ್ಲೊವಾಕಿಯ ಮತ್ತು ಉಕ್ರೇನ್ ನಡುವೆ ಹಂಚಿಹೋಗಿದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಮೊದಲ ಮಹಾಯುದ್ಧದ ನಂತರ ಹಂಗೇರಿಯ ಗಡಿಗಳನ್ನು ನಿಗದಿಪಡಿಸಿದ 1920ರ ಟ್ರಿಯಾನಾನ್ ಒಪ್ಪಂದದಿಂದ ಚೆಕೊಸ್ಲೊವಾಕಿಯಕ್ಕೆ ಸೇರಿದ ಈ ಊರು 1938ರಲ್ಲಿ ಮರಳಿ ಹಂಗೇರಿಯ ಪಾಲಾಯಿತು. ಎರಡನೇ ಮಹಾಯುದ್ಧ ಮುಗಿದಾಗ ಸೋವಿಯತ್ ಗಡಿಯು ಅದರ ನಡುವೆಯೇ ಹಾದು, ದೊಡ್ಡ ಸೆಲ್ಮೆಂತ್ಸ್ ಚೆಕೊಸ್ಲೊವಾಕಿಯದಲ್ಲಿಯೂ ಚಿಕ್ಕ ಸೆಲ್ಮೆಂತ್ಸ್ ಸೋವಿಯತ್ ಉಕ್ರೇನಿನಲ್ಲಿಯೂ ಉಳಿದವು. ಒಂದೇ ಬೀದಿಯ ಬಂಧುಗಳು ಬೇಲಿಯ ಎರಡೂ ಬದಿಗಳಲ್ಲಿ ಸಿಲುಕಿ, ಕಾವಲುಗಾರರಿಗೆ ತಿಳಿಯದ ತಮ್ಮ ಭಾಷೆಯಲ್ಲಿ ಹಾಡಿನಂತೆ ಕೂಗಿ ಹುಟ್ಟು-ಸಾವುಗಳ ಸುದ್ದಿ ಮುಟ್ಟಿಸುತ್ತಿದ್ದರು. ನನ್ನ ಮಟ್ಟಿಗೆ ಯಾವ ಒಪ್ಪಂದದ ಪಠ್ಯಕ್ಕಿಂತಲೂ ಈ ಸಂಗತಿಯೇ ಹೆಚ್ಚು ಹೇಳುತ್ತದೆ.

ಗಡಿಯ ಇಬ್ಬದಿಯಲ್ಲೂ ಅರ್ಧರ್ಧವಾಗಿ ನಿಲ್ಲಿಸಿರುವ, ಮರದಲ್ಲಿ ಕೆತ್ತಿದ ಹೆಬ್ಬಾಗಿಲು ಈ ಒಡಕಿನ ಸ್ಮಾರಕ. 2005ರ ಡಿಸೆಂಬರ್ 23ರಂದು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ದಾರಿ ತೆರೆಯಿತು. ಆದರೆ 2007ರ ಡಿಸೆಂಬರಿನಲ್ಲಿ ದೊಡ್ಡ ಸೆಲ್ಮೆಂತ್ಸ್ ಈಗ ಇರುವ ಸ್ಲೊವಾಕಿಯವು, ಒಳಗಡಿಗಳಲ್ಲಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯವನ್ನು ಸೇರಿದ್ದರಿಂದ ಉಕ್ರೇನ್ ಬದಿಯವರಿಗೆ ಎದುರುಮನೆಗೆ ಹೋಗಲೂ ಷೆಂಗೆನ್ ವೀಸಾದ ನಿಯಮಗಳು ಅಡ್ಡಬಂದವು. 2017ರಲ್ಲಿ ಆ ಕಟ್ಟು ಬಹುಮಟ್ಟಿಗೆ ಸಡಿಲವಾಯಿತು. ಚರ್ಚೆಗೆ ಬರುವ ಮುನ್ನ ನಕ್ಷೆಯಲ್ಲಿ ಎರಡೂ ಹೆಸರುಗಳನ್ನು ಗುರುತಿಸಿಕೊಂಡು ಬರಬೇಕಾಗಿ ವಿನಂತಿ.