ನಗರದ ಹಸಿರು ಯೋಜನೆ: ಭಾನುವಾರದೊಳಗೆ ನಮ್ಮ ಅಭಿಪ್ರಾಯ ಹೋಗಬೇಕು

ಎಲ್ಲರಿಗೂ ನಮಸ್ಕಾರ.

ಪರಿಸರ ಮತ್ತು ಇಂಧನ ಬದಲಾವಣೆಗೆ ನಗರಾಡಳಿತ ಮಾಡಿರುವ ಕರಡು ಯೋಜನೆಗೆ ಅಭಿಪ್ರಾಯ ಕೊಡಲು ಈ ಭಾನುವಾರ ಕೊನೆಯ ದಿನ. ಶನಿವಾರ ಸಂಜೆ 6ಕ್ಕೆ ನಮ್ಮ ಸಭಾಂಗಣದಲ್ಲಿ ಸೇರಿ, ಒಂದೇ ಪತ್ರ ಬರೆದು ಎಲ್ಲರೂ ಸಹಿ ಹಾಕೋಣ. ಬಾಡಿಗೆಗೆ ಇರುವವರೂ ಬನ್ನಿ, ಕರೆಂಟ್ ಬಿಲ್ ಕಟ್ಟುವವರು ನೀವೇ ಅಲ್ವಾ?

ಕರಡಿನಲ್ಲಿ ದೊಡ್ಡ ದೊಡ್ಡ ಗುರಿಗಳಿವೆ, ಆದರೆ ಯಾವ ವರ್ಷ ಎಷ್ಟು ಕೆಲಸ, ದುಡ್ಡು ಎಲ್ಲಿಂದ, ಯಾರು ಹೊಣೆ ಎನ್ನುವುದೇ ಕಾಣುತ್ತಿಲ್ಲ. ಮೊದಲು ಅದನ್ನೇ ಕೇಳಬೇಕು. ಸುಮ್ನೆ "ಗಿಡ ನೆಡಿ" ಅಂತ ಬರೆದರೆ ಫೈಲಿನಲ್ಲೇ ಕೊಳೆಯುತ್ತದೆ.

ಸೋಲಾರ್ ವಿಷಯ ಸ್ವಲ್ಪ ಜಾಸ್ತಿ ಚರ್ಚೆ ಆಗಬೇಕು. 1 ಕಿಲೋವ್ಯಾಟ್ ಸಾಮರ್ಥ್ಯದ ಪ್ಯಾನೆಲ್‌ಗಳಿಗೆ ನೆರಳು ಬೀಳದ ಸುಮಾರು 10 ಚದರ ಮೀಟರ್ ಜಾಗ ಬೇಕು. ನೀರಿನ ಟ್ಯಾಂಕ್, ಲಿಫ್ಟ್ ಕೋಣೆ ಬಿಟ್ಟರೆ ತಾರಸಿಯಲ್ಲಿ ಉಳಿಯುವುದೆಷ್ಟು? ಹತ್ತು ಮಹಡಿಯ ಕಟ್ಟಡದಲ್ಲಿ ಎಲ್ಲ ಮನೆಗೂ ಸಾಲುವುದಿಲ್ಲ. ಅದಕ್ಕೇ ಶಾಲೆ, ಕಚೇರಿಗಳ ತಾರಸಿಯಲ್ಲಿ ಪ್ಯಾನೆಲ್ ಹಾಕಿ, ಅಲ್ಲಿ ತಯಾರಾದ ಯೂನಿಟ್‌ಗಳನ್ನು ಅದರಲ್ಲಿ ಪಾಲು ಹಾಕಿದ ಮನೆಗಳ ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ ಕೇಳೋಣ ಎಂಬುದು ನನ್ನ ಅಭಿಪ್ರಾಯ.

ಹಸಿ ಕಸದ್ದೂ ಸೇರಿಸೋಣ. ಅದು ಕಸದ ಗುಡ್ಡೆಯಡಿ ಗಾಳಿಯಿಲ್ಲದೆ ಕೊಳೆತರೆ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಹುಟ್ಟುತ್ತದೆ, ಬಡಾವಣೆಯಲ್ಲೇ ಗೊಬ್ಬರ ಮಾಡಿದರೆ ಲಾರಿ ಓಡಾಟವೂ ಕಡಿಮೆ.

ಬರುವಾಗ ಹಳೆಯ 12 ತಿಂಗಳ ಕರೆಂಟ್ ಬಿಲ್ ಅಥವಾ ಅದರ ಫೋಟೋ ತನ್ನಿ. ಹಗಲಲ್ಲೂ ಉರಿಯುವ ಬೀದಿದೀಪ ಕಂಡರೆ ಕಂಬದ ನಂಬರ್ ಬರೆದುಕೊಳ್ಳಿ. ತಾರಸಿ ಅಳತೆ ಗೊತ್ತಿರುವವರು ಇಲ್ಲೇ ಹಾಕಿ.

ಬರುವವರು ಶುಕ್ರವಾರ ರಾತ್ರಿಯೊಳಗೆ "ಬರುತ್ತೇನೆ" ಎಂದು ಬರೆಯಿರಿ. ಆಗದಿದ್ದವರು ನಿಮ್ಮ ಒಂದು ಬೇಡಿಕೆಯನ್ನಾದರೂ ಕಳುಹಿಸಿ. ದಯವಿಟ್ಟು ಎರಡು ದಿನ ಗುಡ್ ಮಾರ್ನಿಂಗ್ ಫೋಟೋ ಬೇಡ, ಉತ್ತರಗಳು ಮೇಲೆ ಹೋಗಿಬಿಡುತ್ತವೆ.