ಗುಂಟೆಗೆ ಸಿಗುವ ಬಾಹು ಎಕರೆಗೇಕೆ ಸಿಗದು?

ಮಾನ್ಯ ಸಂಪಾದಕರೆ,

ಹತ್ತನೇ ತರಗತಿಯ ‘ವಾಸ್ತವ ಸಂಖ್ಯೆಗಳು’ ಪಾಠದಿಂದ ‘√2 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ’ ಎಂಬ ಪ್ರಶ್ನೆ ಬಂದೇ ಬರುತ್ತದೆಂದು ನಂಬಿ, ನಮ್ಮ ಕೊಪ್ಪಳ ಜಿಲ್ಲೆಯ ಮಕ್ಕಳು ಅದರ ಉತ್ತರವನ್ನು ಪಾಸಿಂಗ್ ಪ್ಯಾಕೇಜ್ ಹಾಳೆಗಳಿಂದ ಸಾಲು ಬಿಡದೆ ಬಾಯಿಪಾಠ ಮಾಡುತ್ತಾರೆ. ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆ ಭಾಗಲಬ್ಧ, ಹಾಗೆ ಬರೆಯಲಾಗದ್ದು ಅಭಾಗಲಬ್ಧ. ಅದೇ ಮಕ್ಕಳಿಗೆ √(18/50) ಭಾಗಲಬ್ಧವೋ ಅಭಾಗಲಬ್ಧವೋ ಎಂದು ಕೇಳಿದರೆ, 18 ಆಗಲಿ 50 ಆಗಲಿ ಪೂರ್ಣ ವರ್ಗವಲ್ಲವಾದ್ದರಿಂದ ಅಭಾಗಲಬ್ಧ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ 18/50 ಎಂದರೆ 9/25; ಅದರ ವರ್ಗಮೂಲ 3/5. ಇನ್ನು √0.9 ಕಂಡೊಡನೆ 0.3 ಎಂದು ಬರೆಯುವವರೂ ಉಂಟು. 0.3ರ ವರ್ಗ 0.09, 0.9 ಎಂಬುದು 9/10, ಅಲ್ಲಿನ ಛೇದ ಪೂರ್ಣ ವರ್ಗವಲ್ಲ.

ಭಿನ್ನರಾಶಿಯನ್ನು ಅತಿ ಸಂಕ್ಷಿಪ್ತ ರೂಪಕ್ಕೆ ತಂದಾಗ ಅಂಶ, ಛೇದಗಳೆರಡೂ ಪೂರ್ಣ ವರ್ಗಗಳಾಗಿದ್ದರೆ ಮಾತ್ರ ಅದರ ವರ್ಗಮೂಲ ಭಾಗಲಬ್ಧ. ಇದರ ಕಾರಣ ಅದೇ ಪಾಠದ ಅವಿಭಾಜ್ಯ ಅಪವರ್ತನದಲ್ಲಿ, ಅಂದರೆ ಸಂಖ್ಯೆಯನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬಿಡಿಸುವುದರಲ್ಲಿದೆ: ಪೂರ್ಣ ವರ್ಗದಲ್ಲಿ ಪ್ರತಿಯೊಂದು ಅವಿಭಾಜ್ಯವೂ ಸಮಸಂಖ್ಯೆಯಷ್ಟು ಸಲ ಬರುತ್ತದೆ. ಯಾವುದೋ ಭಿನ್ನರಾಶಿಯ ವರ್ಗ 2 ಆಗಬೇಕಾದರೆ ಅಂಶದ ವರ್ಗವು ಛೇದದ ವರ್ಗದ ಎರಡರಷ್ಟಿರಬೇಕು. ಆಗ ಒಂದೇ ಸಂಖ್ಯೆಯಲ್ಲಿ 2 ಎಂಬ ಅಪವರ್ತನ ಒಂದು ಕಡೆಯಿಂದ ಎಣಿಸಿದರೆ ಸಮ ಸಲ, ಇನ್ನೊಂದು ಕಡೆಯಿಂದ ಎಣಿಸಿದರೆ ಬೆಸ ಸಲ ಬರಬೇಕಾಗುತ್ತದೆ. ಅದು ಅಸಾಧ್ಯ. ಯಜ್ಞವೇದಿಕೆಗಳ ಅಳತೆ ಹೇಳುವ ಪ್ರಾಚೀನ ಗ್ರಂಥಗಳಾದ ಶುಲ್ಬಸೂತ್ರಗಳು √2ಕ್ಕೆ ಕೊಡುವ 577/408 ಎಂಬ ಬೆಲೆಯಲ್ಲಿಯೂ, 577ರ ವರ್ಗವು 408ರ ವರ್ಗದ ಎರಡರಷ್ಟಕ್ಕಿಂತ ಒಂದೇ ಒಂದು ಹೆಚ್ಚು. ಆ ಒಂದು ಎಂದಿಗೂ ಪೂರ್ತಿ ಅಳಿಯದು.

ನಮ್ಮ ಭಾಗದ ಮಕ್ಕಳಿಗೆ ಇದನ್ನು ಹೊಲದ ಲೆಕ್ಕದಲ್ಲಿಯೇ ಹೇಳಬಹುದು. ಒಂದು ಗುಂಟೆ 1,089 ಚದರ ಅಡಿ, ಅಂದರೆ 33 ಅಡಿ ಬಾಹುವಿನ ಚೌಕ. ಚೌಕಾಕಾರದ 36 ಗುಂಟೆ ಹೊಲದ ಬಾಹು ಸರಿಯಾಗಿ 198 ಅಡಿ. ಆದರೆ ಎಕರೆಗೆ 40 ಗುಂಟೆ. 40ರಲ್ಲಿ 2 ಮೂರು ಸಲ, 5 ಒಂದು ಸಲ ಬರುವುದರಿಂದ ಚೌಕಾಕಾರದ ಒಂದು ಎಕರೆಯ ಬಾಹು 66√10 ಅಡಿ, ಅಂದರೆ ಅಭಾಗಲಬ್ಧ. ಸುಮಾರು 208 ಅಡಿ ಎಂಟೂವರೆ ಇಂಚಿಗೆ ಕಲ್ಲು ನೆಡುವುದರಲ್ಲಿ ತಪ್ಪೇನಿಲ್ಲ, ಬದುವಿನ ಜಗಳ ಅಷ್ಟು ಸೂಕ್ಷ್ಮಕ್ಕೆ ಹೋಗುವುದೂ ಇಲ್ಲ; ಅದನ್ನೇ ನಿಖರ ಬೆಲೆ ಎನ್ನುವುದು ಮಾತ್ರ ಗಣಿತವಲ್ಲ.

ಕ್ಯಾಲ್ಕುಲೇಟರ್ ನೋಡಿ ತೀರ್ಮಾನಿಸುವ ರೂಢಿಯಂತೂ ಬಿಡಲೇಬೇಕು. √(289/529) ಒತ್ತಿದರೆ 0.73913043 ಎಂದು ಕ್ರಮವೇ ಇಲ್ಲದಂತೆ ತೋರುತ್ತದೆ. ಆದರೆ ಅದು 17/23 ಎಂಬ ಭಾಗಲಬ್ಧ; ಅದರ ದಶಮಾಂಶ 22 ಅಂಕಿಗಳ ನಂತರವೇ ಆವರ್ತವಾಗುವುದರಿಂದ, ಅಂದರೆ ಅದೇ ಅಂಕಿಗಳು ಮರಳಿ ಬರತೊಡಗುವುದರಿಂದ, ಸಣ್ಣ ಪರದೆಯಲ್ಲಿ ಆವರ್ತ ಕಾಣುವುದಿಲ್ಲ.

ಆದ್ದರಿಂದ ಮುಂದಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಬಾಯಿಪಾಠದ ಸಾಧನೆಯ ಜೊತೆಗೆ, ಇಂತಹ ಎರಡು ಮೂರು ವರ್ಗಮೂಲಗಳನ್ನು ಕೊಟ್ಟು ‘ಗುರುತಿಸಿ, ಕಾರಣ ಬರೆಯಿರಿ’ ಎಂಬ ಪ್ರಶ್ನೆಯೊಂದನ್ನು ಕೇಳಬೇಕೆಂದು ಜಿಲ್ಲೆಯ ಗಣಿತ ಶಿಕ್ಷಕರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಗಣಿತ ಶಿಕ್ಷಕ, ಕುಷ್ಟಗಿ