ಅಣ್ಣನನ್ನೂ ಅನುಮಾನಿಸಿದ ಮೇಡಂಗೆ

ಹಣ ತಗೊಂಡನೆಂದು ಅಣ್ಣನ ಮೇಲಿದ್ದ ಆರೋಪ ಬಿದ್ದುಹೋದ ಸುದ್ದಿ ನಿಮಗೆಲ್ಲ ತಲುಪಿದೆ. ಯಾರು, ಏನು, ಎಷ್ಟು ಹಣ ಎಂಬುದೂ ಗೊತ್ತಿರುವುದೇ, ಅದನ್ನು ಮತ್ತೆ ಕೆದಕುವುದಿಲ್ಲ. ವಕೀಲರಿಗೆ, ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟುಕೊಂಡ ಗೆಳತಿಯರಿಗೆ, ಕೆಲಸ ಹೋಗುವ ಭಯವಿದ್ದರೂ ಬಂದು ಸಾಕ್ಷಿ ಹೇಳಿದ ಅಣ್ಣನ ಸಹೋದ್ಯೋಗಿಗಳಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಇನ್ನು ಪತ್ತೇದಾರಿ ಮೇಡಂ ವಿಷಯ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

"ನಿಮ್ಮಣ್ಣ ಅಂಥವರಲ್ಲ, ನಮಗೆ ಗೊತ್ತು" ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಆ ಮಾತಿನಿಂದಲೇ ನಾವು ಉಸಿರಾಡುತ್ತಿದ್ದೆವು. ಆದರೆ ಹಣ ಪಡೆದಿದ್ದೇನೆ ಎಂಬ ರಸೀದಿಯ ಕೆಳಗಿದ್ದ ಸಹಿ ಅಣ್ಣನದೇ, ಅವನೇ ಒಪ್ಪಿಕೊಂಡಿದ್ದ. ಮೇಡಂ ಮೊದಲ ಭೇಟಿಯಲ್ಲೇ ಹೇಳಿದರು: "ಇವರು ಹಣ ತಗೊಂಡಿರಲೂಬಹುದು. ಹಾಗಂದುಕೊಂಡೇ ಶುರು ಮಾಡ್ತೀನಿ." ಅತ್ತಿಗೆಗೆ ಅಳು ಬಂತು, ನನಗೆ ಸಿಟ್ಟು. ಅವರು ಅಣ್ಣನನ್ನೂ ಅನುಮಾನದಿಂದ ಬಿಡದೆ ನೋಡಿದ್ದರಿಂದಲೇ, ಕಂಡುಹಿಡಿದದ್ದನ್ನು ಕೊನೆಗೆ ಯಾರಿಂದಲೂ ಅಲ್ಲಾಡಿಸಲಾಗಲಿಲ್ಲ.

ವಿಚಾರಣೆಯ ಹಿಂದಿನ ರಾತ್ರಿ ಅಣ್ಣ ತಪ್ಪೊಪ್ಪಿಗೆ ಬರೆದುಕೊಡಲು ಕುಳಿತಿದ್ದ. "ಸಹಿ ನಂದೇ, ಇನ್ನೇನು ಹೇಳ್ಲಿ, ಮುಗಿದುಹೋಗ್ಲಿ" ಎಂಬ ಒಂದೇ ಮಾತು. ಅವನನ್ನು ಒಬ್ಬನೇ ಬಿಡಲು ನಮಗೆ ಹೆದರಿಕೆ. ಯಾಕೆಂದು ಬಿಡಿಸಿ ಬರೆಯಲು ಈಗಲೂ ನನ್ನಿಂದ ಆಗುವುದಿಲ್ಲ. ಮೇಡಂಗೆ ಫೋನ್ ಮಾಡಿದೆ. ಬಂದವರು ಬೆಳಗಾಗುವವರೆಗೂ ಕದಲಲಿಲ್ಲ.

ಸಮಾಧಾನದ ಮಾತು ಒಂದೂ ಆಡಲಿಲ್ಲ. ಒಂದು ಖಾಲಿ ಹಾಳೆ ಕೊಟ್ಟು ಶಾಯಿ ಪೆನ್ನಿನಲ್ಲಿ ಸಹಿ ಹಾಕಿಸಿದರು. ಒಣಗಿದ ಮೇಲೆ, ಸಹಿಯ ನಡುವೆ ಗೆರೆ ಬರುವಂತೆ ಹಾಳೆಯನ್ನು ಮಡಚಿ ಬಿಚ್ಚಿದರು. ಮೇಲೆ ಎರಡು ಸಾಲು ಬರೆಸಿ ಭೂತಗನ್ನಡಿ ಕೈಗಿಟ್ಟರು. ಮಡಚಿದ ಗೆರೆಯಲ್ಲಿ ಕಾಗದದ ನಾರು ಒಡೆದಿರುತ್ತದಂತೆ. ಆಮೇಲೆ ಬರೆದ ಅಕ್ಷರಗಳ ಶಾಯಿ ಅಲ್ಲಿ ಬೇರು ಬಿಟ್ಟಂತೆ ಹರಡಿತ್ತು. ಮೊದಲೇ ಹಾಕಿದ್ದ ಸಹಿಯ ಗೀಟು ಅದೇ ಗೆರೆ ದಾಟಿಯೂ ಹರಡಿರಲಿಲ್ಲ. ಪಕ್ಕದಲ್ಲಿ ರಸೀದಿಯ ದೊಡ್ಡ ಫೋಟೊ ಇಟ್ಟರು. ಅಲ್ಲೂ ಹಾಗೆಯೇ. "ಯಾವುದು ಮೊದಲು ಬರೆದದ್ದು, ನೀವೇ ಹೇಳಿ" ಎಂದರು.

"ಸಹಿ" ಎಂದ ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, ರಜೆಗೆ ಹೋಗುವಾಗ ಕೆಲಸ ನಿಲ್ಲದಿರಲಿ ಎಂದು ಸಹಿ ಮಾಡಿ ಬಿಟ್ಟುಹೋದ ಖಾಲಿ ಹಾಳೆಗಳ ಮಾತು ತೆಗೆದ. ಅಷ್ಟು ಹೊತ್ತು ತಲೆ ಎತ್ತದಿದ್ದವನು ಮೇಡಂ ಮುಖ ನೋಡಿ ಮಾತಾಡುತ್ತಿದ್ದ.

ಇನ್ನೊಂದು ಫೋಟೊ ಓರೆ ಬೆಳಕಿನಲ್ಲಿ ತೆಗೆದದ್ದು. ಮೇಲಿನ ಹಾಳೆಯಲ್ಲಿ ಯಾರೋ ಬರೆದ ತಾರೀಖು ರಸೀದಿಯ ಮೇಲೆ ಒತ್ತಿ ಮೂಡಿತ್ತು, ಅದು ರಸೀದಿಯ ತಾರೀಖಿನ ನಂತರದ್ದು. ನಾನು ಹಿಗ್ಗಿದೆ. ಮೇಡಂ ತಡೆದರು: "ರಸೀದಿ ಬರೆದ ಮೇಲೂ ಅದರ ಮೇಲೆ ಹಾಳೆ ಇಟ್ಟು ಬರೆದಿರಬಹುದು, ಇದೊಂದರಿಂದಲೇ ತೀರ್ಮಾನ ಬೇಡ." ಆದರೆ ಬರೆದ ದಿನದಿಂದ ರಸೀದಿ ಬೀಗ ಹಾಕಿದ ಪೆಟ್ಟಿಗೆಯಿಂದ ಹೊರಬಂದೇ ಇಲ್ಲ ಎಂದು ಎದುರು ಕಡೆಯವರೇ ಹೇಳಿಕೆ ಕೊಟ್ಟಿದ್ದರು. ಬೀಗದ ಮಾತು ಸುಳ್ಳು, ಇಲ್ಲವೇ ರಸೀದಿಯ ತಾರೀಖು ಸುಳ್ಳು. ಮೇಲಿನ ಹಾಳೆಗೆ ಯಾರೂ ಮುಂದಿನ ತಾರೀಖು ಹಾಕಿರದಿದ್ದರೆ, ಎರಡೂ ನಿಜವಾಗಲು ದಾರಿಯೇ ಇರಲಿಲ್ಲ.

ಇಂಥ ಒತ್ತುಗಳನ್ನು ಹಾಳೆಗೆ ತೆಳು ಪ್ಲಾಸ್ಟಿಕ್ ಹೊದಿಸಿ, ವಿದ್ಯುದಂಶ ಕೊಟ್ಟು, ಕಪ್ಪು ಪುಡಿ ಹಾಯಿಸಿ ಎತ್ತಿ ತೋರಿಸುವ ಎಸ್ಡಾ ಎಂಬ ಯಂತ್ರವಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ 1975ರಲ್ಲಿ ಶಿಕ್ಷೆಯಾದ ಆರು ಜನ ನಿರಪರಾಧಿಗಳು 1991ರಲ್ಲಿ ಹೊರಬಂದಾಗ, ಪೊಲೀಸರ ಟಿಪ್ಪಣಿಗಳ ಮೇಲೆ ನಡೆದ ಇದೇ ಪರೀಕ್ಷೆಯ ಪಾಲೂ ಅದರಲ್ಲಿತ್ತಂತೆ. ಅದನ್ನು ಹೇಳಿ ಮೇಡಂ ಅಣ್ಣನಿಗೆ ಅಂದದ್ದು: "ಅವರಲ್ಲಿ ಕೆಲವರು ತಪ್ಪೊಪ್ಪಿಗೆಗೆ ಸಹಿ ಹಾಕಿದ್ದರು. ನೀವು ಹಾಕಬೇಡಿ."

ಅಣ್ಣ ಹಾಕಲಿಲ್ಲ. ಮೇಡಂ, ನನ್ನಣ್ಣ ನಮಗೆ ಉಳಿದದ್ದು ನಿಮ್ಮಿಂದ. ಈ ಋಣ ನಮ್ಮಿಂದ ತೀರುವಂಥದ್ದಲ್ಲ.

ಅಣ್ಣ ಸೋಮವಾರದಿಂದ ಹೊಸ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಫೋನ್ ಮಾಡಿ, ಈಗ ಎತ್ತುತ್ತಾನೆ. ಕೇಸಿನ ಮಾತು ಮಾತ್ರ ಸದ್ಯಕ್ಕೆ ಬೇಡ.